ಬೆಳ್ಳಗಾದ ಹೊಂಗೆ ಮರ

ಅಭ್ಯಾಸ ಬೋಧನೆಯ ಮೂರನೇ ವಾರ ಒಂಬತ್ತನೇ ತರಗತಿಗೆ ನಾನೊಂದು ತಪ್ಪು ಕಲಿಸಿದೆ. ಮಾರ್ಗದರ್ಶಕ ಶಿಕ್ಷಕರು ಅವಲೋಕನ ಪುಸ್ತಕದಲ್ಲಿ ‘ಪಾಠೋಪಕರಣ ಉತ್ತಮ, ಸಮಯಪಾಲನೆ ಸಾಲದು’ ಎಂದಷ್ಟೇ ಬರೆದರು. ತಪ್ಪು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಸುಮ್ಮನಿದ್ದರೆ ಹಾಗೇ ಮುಚ್ಚಿಹೋಗುತ್ತಿತ್ತು.

ಪಾಠೋಪಕರಣ ಎಂದರೆ ಒಂದು ಹಳೆಯ ನಿಕಾನ್ ಡಿ70, 2004ರಲ್ಲಿ ಬಂದ ಆರು ಮೆಗಾಪಿಕ್ಸೆಲ್ ಕ್ಯಾಮೆರಾ. ಮದುವೆ ಫೋಟೋ ತೆಗೆಯುತ್ತಿದ್ದ ಮಾವ ಹೊಸದು ಕೊಂಡ ಮೇಲೆ ಅದನ್ನು ಬೀರುವಿನಲ್ಲಿಟ್ಟು ಮರೆತಿದ್ದರು. ನಮ್ಮ ಕಣ್ಣಿಗೆ 700 ನ್ಯಾನೋಮೀಟರ್ ಆಸುಪಾಸಿನಲ್ಲಿ ಕೆಂಪು ಮುಗಿಯುತ್ತದೆ. ಕ್ಯಾಮೆರಾದ ಸಿಲಿಕಾನ್ ಸಂವೇದಕ ಸುಮಾರು 1000ದವರೆಗೂ ಬೆಳಕನ್ನು ಹಿಡಿಯುತ್ತದೆ. ಬಣ್ಣ ಕೆಡದಿರಲೆಂದು ತಯಾರಕರು ಅದರ ಮುಂದೆ ಅವಕೆಂಪನ್ನು ತಡೆಯುವ ಗಾಜು ಕೂರಿಸುತ್ತಾರೆ. ಈಚಿನ ಕ್ಯಾಮೆರಾಗಳಲ್ಲಿ ಈ ತಡೆ ಬಿಗಿ. ಡಿ70ರಲ್ಲಿ ಸಡಿಲ. ಹಳೆಯದರ ಈ ದೋಷವೇ ನಮಗೆ ಅನುಕೂಲ.

ಲೆನ್ಸಿಗೆ ಹೋಯಾ ಆರ್72 ಫಿಲ್ಟರ್ ಹಾಕಿದೆ. 720 ನ್ಯಾನೋಮೀಟರಿಗಿಂತ ಕೆಳಗಿನ ಬೆಳಕನ್ನು ಅದು ಬಹುಪಾಲು ತಡೆಯುವುದರಿಂದ ಫಿಲ್ಟರ್ ಹಾಕಿದ ಮೇಲೆ ಕ್ಯಾಮೆರಾದ ಕಿಂಡಿಯಲ್ಲಿ ಕತ್ತಲೆ. ಮೊದಲು ಟ್ರೈಪಾಡ್ ಮೇಲೆ ಚೌಕಟ್ಟು, ಫೋಕಸ್ ಹೊಂದಿಸಿ ಆಮೇಲೆ ಫಿಲ್ಟರ್ ತಿರುಗಿಸಬೇಕು. ನಡುಹಗಲ ಬಿಸಿಲಲ್ಲೂ ಎರಡು ಸೆಕೆಂಡ್ ಬೇಕಾಯಿತು. ಗಾಳಿಗೆ ಕೊಂಬೆಗಳು ಕದಡಿದವು. ಪ್ರಯತ್ನಿಸುವವರಿಗೆ ಎರಡು ಮಾತು: ಆ ಕಪ್ಪು ಗಾಜಿನಿಂದ ಮಕ್ಕಳು ಸೂರ್ಯನನ್ನು ನೋಡಕೂಡದು, ಅವಕೆಂಪು ಅದರೊಳಗಿಂದ ಸಲೀಸಾಗಿ ಕಣ್ಣಿಗಿಳಿಯುತ್ತದೆ. ಒಳಗಿನ ತಡೆಗಾಜನ್ನು ಕಿತ್ತರೆ ಚಿತ್ರ ಇನ್ನೂ ಚೆನ್ನ ಎಂದು ಯಾರಾದರೂ ಹೇಳಿಯಾರು. ಬಿಚ್ಚಬೇಡಿ, ಫ್ಲಾಶ್‌ನ ಕೆಪಾಸಿಟರ್ ಬ್ಯಾಟರಿ ತೆಗೆದ ಮೇಲೂ ಜೋರಾಗಿ ಹೊಡೆಯಬಲ್ಲದು.

ಶಾಲೆಯಂಗಳದ ಹೊಂಗೆ ಮರ ಚಿತ್ರದಲ್ಲಿ ಹಿಮ ಬಿದ್ದಂತೆ ಬೆಳ್ಳಗೆ ಬಂತು, ಆಕಾಶ ಕಪ್ಪಾಯಿತು. ನಲವತ್ತು ಮಕ್ಕಳು ಅಂಗೈಗಿಂತ ಚಿಕ್ಕ ಪರದೆಗೆ ಮುಗಿಬಿದ್ದರು. (ಸಮಯ ಹೋದದ್ದು ಅಲ್ಲೇ. ಹಿಂದಿನ ದಿನವೇ ಪ್ರಿಂಟ್ ಹಾಕಿಸಬೇಕಿತ್ತು.) ಆ ನೂಕುನುಗ್ಗಲಿನಲ್ಲಿ ಒಬ್ಬಳು ಕೇಳಿದಳು: “ಮಿಸ್, ಎಲೆ ಬಿಸಿಲಿಗೆ ಕಾದಿರೋದಕ್ಕೇ ಬೆಳ್ಳಗಿದೆಯಾ?” ನಾನು ಗಡಿಯಾರ ನೋಡುತ್ತ, “ಹೌದು, ಅವಕೆಂಪು ಅಂದ್ರೆ ಶಾಖ ತಾನೆ” ಎಂದುಬಿಟ್ಟೆ.

ರಾತ್ರಿ ಅದೇ ಚಿತ್ರ ನೋಡುವಾಗ ಮರದ ಪಕ್ಕದ ಸಿಮೆಂಟ್ ಕಟ್ಟೆ ಕಣ್ಣಿಗೆ ಬಿತ್ತು. ಮಧ್ಯಾಹ್ನ ಅದರ ಮೇಲೆ ಕೂರಲಾಗದಷ್ಟು ಸುಡುತ್ತಿತ್ತು. ಚಿತ್ರದಲ್ಲಿ ಮಂಕು ಬೂದು. ತಂಪಾದ ಎಲೆ ಬಿಳಿ, ಸುಡುವ ಕಟ್ಟೆ ಬೂದು! ನನ್ನ ಉತ್ತರ ಅಲ್ಲಿಗೆ ಬಿದ್ದುಹೋಯಿತು. ಪತ್ರಹರಿತ್ತು ಕೆಂಪು ಬೆಳಕನ್ನು ಹೀರುತ್ತದೆ, ಅವಕೆಂಪನ್ನು ಮುಟ್ಟುವುದೇ ಇಲ್ಲ. ಆ ಬೆಳಕು ಎಲೆಯೊಳಗಿನ ಕೋಶಗಳಿಗೂ ಅವುಗಳ ನಡುವಿನ ಗಾಳಿಸಂದುಗಳಿಗೂ ತಾಗಿ ಚದರಿ ಅರ್ಧದಷ್ಟು ಹೊರಗೆ ಮರಳುತ್ತದೆ. ರಾಬರ್ಟ್ ವುಡ್ 1910ರಲ್ಲಿ ಪ್ರಕಟಿಸಿದ ಅವಕೆಂಪು ಚಿತ್ರಗಳಲ್ಲೂ ಎಲೆಗಳು ಹೀಗೇ ಬೆಳ್ಳಗಿದ್ದವು. ಅದು ಎಲೆಯ ಶಾಖವಲ್ಲ, ಸೂರ್ಯನದೇ ಬೆಳಕು.

ಮರುದಿನ ಬರೀ ‘ನಿನ್ನೆ ಹೇಳಿದ್ದು ತಪ್ಪು’ ಎಂದರೆ ಮಕ್ಕಳು ಅದನ್ನೂ ಬರೆದುಕೊಂಡು ಸುಮ್ಮನಾಗುತ್ತಾರೆಂದು ಅನಿಸಿತು. ಬಿಸಿಲಲ್ಲಿ ಎರಡು ಸ್ಟೀಲ್ ಲೋಟ ಇಟ್ಟೆ, ಒಂದರಲ್ಲಿ ಕುದಿಯುವ ನೀರು, ಇನ್ನೊಂದರಲ್ಲಿ ಮಡಕೆಯ ನೀರು. ಯಾವುದು ಬೆಳ್ಳಗೆ ಬರುತ್ತದೆ? ಎಲ್ಲ ಕೈಗಳೂ ಬಿಸಿ ಲೋಟದ ಕಡೆ. ಚಿತ್ರದಲ್ಲಿ ಎರಡೂ ಒಂದೇ ಥರ. ತರಗತಿ ಒಂದು ಗಳಿಗೆ ಸ್ತಬ್ಧ. ಹಿಂದಿನ ದಿನ ಕೇಳಿದವಳೇ ಎದ್ದು, “ಹಾಗಾದ್ರೆ ನಿನ್ನೆ ನೀವು ಹೇಳಿದ್ದು?” ಎಂದಳು. ತಪ್ಪು ಎಂದೆ. ನಾಲಿಗೆ ಒಣಗಿತ್ತು ನಿಜ, ಆದರೆ ಯಾರೂ ನಗಲಿಲ್ಲ.

ಹಣೆಗೆ ಹಿಡಿಯುವ ಜ್ವರದ ಯಂತ್ರಕ್ಕೆ ಶಾಖ ಹೇಗೆ ಗೊತ್ತಾಗುತ್ತದೆ ಎಂಬುದು ಅವಳ ಮುಂದಿನ ಪ್ರಶ್ನೆ. ಅದು ಪಾಠಯೋಜನೆಯಲ್ಲಿ ಇರಲಿಲ್ಲ. ಕಪ್ಪುಹಲಗೆಯ ಮೇಲೆ ಒಂದು ಸೆಂಟಿಮೀಟರಿಗೆ 100 ನ್ಯಾನೋಮೀಟರ್‌ನಂತೆ ಗೆರೆ ಎಳೆದೆವು. ಕಣ್ಣಿಗೆ ಕಾಣುವುದು 4ರಿಂದ 7 ಸೆಂಟಿಮೀಟರ್ ನಡುವೆ. ನಮ್ಮ ಕ್ಯಾಮೆರಾ 10ರ ಹತ್ತಿರ ನಿಂತಿತು. ಕುದಿನೀರು ಹೆಚ್ಚಾಗಿ ಸೂಸುವ ಕಿರಣ ಎಲ್ಲಿ ಎಂದು ಲೆಕ್ಕ ಹಾಕಿದರೆ 78, ನಮ್ಮ ಮೈಯದು 93. ಒಬ್ಬ ಹುಡುಗ ಮೀಟರ್ ಪಟ್ಟಿ ಹಿಡಿದು ಹಲಗೆಯುದ್ದಕ್ಕೂ ಅಳೆಯುತ್ತ ಹೋಗಿ, 93 ಬಂದಾಗ ಅಲ್ಲೊಂದು ಮನುಷ್ಯನ ಚಿತ್ರ ಬರೆದ. ಆ ದಿನವೂ ಗಂಟೆ ಹೊಡೆದ ಮೇಲೆಯೇ ಪಾಠ ಮುಗಿದದ್ದು.