ಬರೆಯದ ಚೀಟಿ

ನಮ್ಮ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಸೀಮೆಯಲ್ಲಿ ಹುಡುಗನೊಬ್ಬ ವೈದ್ಯಕೀಯ ಓದಲು ವಿದೇಶಕ್ಕೆ ಹೊರಟನೆಂದರೆ, ಅಂದಿನಿಂದಲೇ ಊರಿನವರಿಗೆ ಅವನು ‘ಡಾಕ್ಟರ್’. ಕಾನೂನು ಅಷ್ಟು ಉದಾರಿಯಲ್ಲ. ವಿದೇಶದಲ್ಲಿ ಪದವಿ ಪಡೆದು ಬಂದವರಿಗಾಗಿ 2002ರಿಂದ ಎಫ್‌ಎಂಜಿಇ ಎಂಬ ಪರೀಕ್ಷೆಯಿದೆ: ಒಂದೇ ದಿನ ಎರಡು ಭಾಗಗಳಲ್ಲಿ 300 ಪ್ರಶ್ನೆಗಳು, ಐದು ಗಂಟೆಗಳ ಅವಧಿ. ತೇರ್ಗಡೆಗೆ 150 ಅಂಕ ಸಾಕು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಆದರೂ ಸಾಮಾನ್ಯವಾಗಿ ಅನುತ್ತೀರ್ಣರಾಗುವವರೇ ಹೆಚ್ಚು.

ಉಕ್ರೇನಿನಲ್ಲಿ ಓದಿ ಬಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಮೂರನೆಯ ಪ್ರಯತ್ನಕ್ಕೆ ಸಿದ್ಧನಾಗುತ್ತಿದ್ದನು. ತಂದೆ ಹೊಲವನ್ನು ಅಡವಿಟ್ಟಿದ್ದರು. ಶಸ್ತ್ರಚಿಕಿತ್ಸೆಗೆ 32 ಅಂಕಗಳಾದರೆ ಸಮುದಾಯ ವೈದ್ಯಶಾಸ್ತ್ರಕ್ಕೆ 30 ಎಂದು ಅವನು ಪಠ್ಯಕ್ರಮವನ್ನು ತೋರಿಸಿದನು. ನಮ್ಮ ದೇಶದ ಕ್ಷಯ ನಿಯಂತ್ರಣ, ಮಕ್ಕಳ ಲಸಿಕೆಯ ವೇಳಾಪಟ್ಟಿ, ಕುಡಿಯುವ ನೀರಿನ ಶುದ್ಧಿ ಇವನ್ನೆಲ್ಲ ಅವನು ಮರಳಿ ಬಂದ ಮೇಲೆಯೇ ಕಲಿಯಬೇಕಾಯಿತು.

ಒಂದು ರಾತ್ರಿ ನೆರೆಮನೆಯವರು ಜ್ವರದಿಂದ ಬಳಲುತ್ತಿದ್ದ ಮಗುವನ್ನು ಎತ್ತಿಕೊಂಡು ಬಂದರಂತೆ. ಅವನು ಔಷಧದ ಚೀಟಿ ಬರೆಯಲಿಲ್ಲ. ತಾಯಿ-ಮಗುವನ್ನು ತನ್ನ ಬೈಕಿನಲ್ಲಿಯೇ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ದನು. “ಆರು ವರ್ಷ ಓದಿ ಒಂದು ಗುಳಿಗೆ ಕೊಡಲಾರದವ” ಎಂದು ಊರಿನ ಕೆಲವರು ಆಡಿಕೊಂಡರು. ಅವನು ಮರುಮಾತನಾಡದೆ ಪುಸ್ತಕದ ಮುಂದೆ ಕುಳಿತನು.

ಆ ಸಲ ಅವನು ತೇರ್ಗಡೆಯಾದನು. ಮುಂದೆ ಆಸ್ಪತ್ರೆಯ ತರಬೇತಿ, ಅನಂತರ ನೋಂದಣಿ. ಊರಿನವರು ಅವನ ಅಂಕಗಳನ್ನು ಕೇಳುತ್ತಾರೆ. ನನಗೆ ಮಾತ್ರ ಅವನು ಅಂದು ಬರೆಯದೆ ಉಳಿಸಿದ ಆ ಚೀಟಿಯ ಮೇಲೆಯೇ ಹೆಚ್ಚು ಗೌರವ.