ಗಜದ ಲೆಕ್ಕ

ಗಾಲ್ಫ್ ಆಟದ ವಿಷಯವಾಗಿ ಬರೆಯಲು ನನಗೆ ಯಾವ ಅಧಿಕಾರವೂ ಇಲ್ಲವೆಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಹುಟ್ಟಿದ್ದು ಹರಪನಹಳ್ಳಿಯ ಬಳಿಯ ಒಂದು ಹಳ್ಳಿಯಲ್ಲಿ, ನೆಲೆನಿಂತದ್ದು ಕೊಟ್ಟೂರಿನಲ್ಲಿ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ ಎಂದು ಸುತ್ತಮುತ್ತಲ ಶಾಲೆಗಳಲ್ಲಿ ಗಣಿತ ಕಲಿಸುತ್ತಲೇ ಕೂದಲು ನೆರೆಯಿತು. ನಮ್ಮ ಸೀಮೆಯಲ್ಲಿ ಉರುಟಾದುದೊಂದನ್ನು ಕುಳಿಗೆ ಬೀಳಿಸುವ ಆಟವೆಂದರೆ ಗೋಲಿಯಾಟ. ಹುಲ್ಲು ಇರುವುದು ದನಗಳಿಗೆ. ಬರಗಾಲದಲ್ಲಿ ಕೊಡ ನೀರಿಗೆ ಹರದಾರಿ ನಡೆದ ಜನ, ಆಟಕ್ಕಾಗಿ ಹುಲ್ಲಿಗೆ ನೀರೆರೆಯುವರೆಂದರೆ ನಂಬುವುದಾದರೂ ಹೇಗೆ?

ಆದರೂ ಹೋದ ವರ್ಷ ಒಂದು ವಾರ ನನಗೆ ಈ ಆಟದ ಹೊರತು ಬೇರೆ ಚಿಂತೆ ಇರಲಿಲ್ಲ. ಕಾರಣ, ನನ್ನ ತಮ್ಮ.

ನನಗಿಂತ ಐದು ವರ್ಷ ಚಿಕ್ಕವನು. ಇಂಜಿನಿಯರಾಗಿ ಬೆಂಗಳೂರು ಸೇರಿ, ನಲವತ್ತೈದು ದಾಟಿದ ಮೇಲೆ ಈ ಆಟ ಹಿಡಿದನು. ಚೆಂಡನ್ನು ದೂರ ಹೊಡೆಯುವುದರಲ್ಲಿ ಗೆಳೆಯರ ನಡುವೆ ಅವನಿಗೆ ಹೆಸರಿತ್ತು. ಅರವತ್ತೆಂಟನೆಯ ವಯಸ್ಸಿನಲ್ಲಿ ಎಡಭುಜಕ್ಕೆ ಶಸ್ತ್ರಚಿಕಿತ್ಸೆಯಾಯಿತು. ಭುಜವೇನೋ ಗುಣವಾಯಿತು, ಆದರೆ ತೋಳಿನ ಕಸುವು ಮರಳಲಿಲ್ಲ. ಒಂದು ಸಂಜೆ ಅವನ ಹೆಂಡತಿ ದೂರವಾಣಿಯಲ್ಲಿ ತಗ್ಗಿದ ದನಿಯಲ್ಲಿ ಹೇಳಿದಳು: "ಭಾವನವರೇ, ಇವರು ಮನೆಯಿಂದ ಹೊರಗೇ ಕಾಲಿಡುವುದಿಲ್ಲ. ಕೋಲುಗಳನ್ನೆಲ್ಲ ಮಾರಿಬಿಡುತ್ತೇನೆ ಎನ್ನುತ್ತಾರೆ. ನೀವೊಮ್ಮೆ ಬಂದು ಹೋಗಿರಿ."

ಹೋದೆ. ಮರುದಿನ ಬೆಳಗ್ಗೆ ಅವನನ್ನು ಒತ್ತಾಯಿಸಿ ಮೈದಾನಕ್ಕೆ ಕರೆದೊಯ್ದೆ. ಅದು ಊರಿನ ದೊಡ್ಡ ಮೈದಾನಗಳಲ್ಲೊಂದು. ಹದಿನೆಂಟು ಕುಳಿಗಳೂ ಸೇರಿ ಉದ್ದ ಸುಮಾರು ಏಳು ಸಾವಿರ ಗಜ, ಅಂದರೆ ಹತ್ತಿರ ಹತ್ತಿರ ನಾಲ್ಕು ಮೈಲಿ. ಪ್ರತಿಯೊಂದು ಕುಳಿಗೂ ಆಟ ಹೂಡುವ ಜಾಗಗಳು ಮೂರು ನಾಲ್ಕು ಇರುತ್ತವೆ. ಇವಕ್ಕೆ 'ಟೀ' ಎನ್ನುತ್ತಾರೆ. ಎಲ್ಲಕ್ಕಿಂತ ಹಿಂದಿನದು ಪ್ರವೀಣರಿಗೆ. ಮುಂದೆ ಸರಿದಂತೆ ದೂರ ಕಡಿಮೆ. ನನ್ನ ತಮ್ಮ ನೇರವಾಗಿ ಹಿಂದಿನದಕ್ಕೇ ನಡೆದನು. ಹೊಡೆದನು. ಚೆಂಡು ದಾರಿಯ ಅರ್ಧಕ್ಕೂ ಹೋಗದೆ ಹುಲ್ಲಿನಲ್ಲಿ ಮಲಗಿತು. ಐದು ಕುಳಿಗಳಾಗುವಷ್ಟರಲ್ಲಿ ಅವನ ಮುಖ ನೋಡಲಾಗಲಿಲ್ಲ.

"ಮುಂದಿನ ಜಾಗದಿಂದ ಹೊಡೆಯಬಹುದಲ್ಲವೆ?" ಎಂದೆ.

"ಅಣ್ಣಾ, ಅದು ಮೋಸ. ಉದ್ದ ಕಡಿಮೆಯಾದರೆ ಆಟವೇ ಅಲ್ಲ, ಮಕ್ಕಳಾಟ" ಎಂದವನೇ ಕೋಲನ್ನು ಚೀಲಕ್ಕೆ ತುರುಕಿದನು.

ನಾನು ಗಣಿತದ ಮೇಷ್ಟರು. ಉದ್ದವಾದ ಲೆಕ್ಕವೇ ಕಠಿನವಾದ ಲೆಕ್ಕವೆಂದು ನಂಬುವ ಹುಡುಗರನ್ನು ಜೀವನವೆಲ್ಲ ಕಂಡವನು. ಹನ್ನೆರಡು ಅಂಕಿಗಳ ಗುಣಾಕಾರ ಕೊಟ್ಟರೆ ಬೆವರುತ್ತಾರೆ, ಆದರೂ ಮಾಡಿ ಮುಗಿಸುತ್ತಾರೆ. ಒಂದೇ ಸಾಲಿನ ಪ್ರಶ್ನೆ ಕೊಟ್ಟರೆ ನಗುನಗುತ್ತ ತಪ್ಪು ಬರೆಯುತ್ತಾರೆ. ತಮ್ಮನ ಮಾತೂ ಇಂಥ ಹುಡುಗರದೇ ಎನಿಸಿತು. ಅವನ ಕಪಾಟಿನಲ್ಲಿದ್ದ ಪುಸ್ತಕಗಳನ್ನು ಅಂದೇ ಮಧ್ಯಾಹ್ನ ಹರಡಿಕೊಂಡು ಕುಳಿತೆ.

ಮೊದಲಿಗೆ ತಮ್ಮನ ಪಕ್ಷವೇ ಗೆಲ್ಲುವಂತೆ ಕಂಡಿತು. ಮೈದಾನಗಳ ಕಾಠಿನ್ಯವನ್ನು ಅಳೆಯಲು ಈ ಆಟದವರು ಒಂದು ಪದ್ಧತಿ ಮಾಡಿಕೊಂಡಿದ್ದಾರೆ. ಅದರಲ್ಲಿ ಎಲ್ಲಕ್ಕಿಂತ ಹೆಚ್ಚಿನ ತೂಕ ಉದ್ದಕ್ಕೇ ಇದೆ. ಆದರೆ ಅದು ನೆಲದ ಮೇಲೆ ಅಳೆದ ಬರಿಯ ಉದ್ದವಲ್ಲ. ದಾರಿ ಏರೋ ಇಳಿಜಾರೋ, ಚೆಂಡು ಬಿದ್ದ ಮೇಲೆ ಎಷ್ಟು ಉರುಳುತ್ತದೆ, ಗಾಳಿ ಹೇಗೆ, ಜಾಗ ಸಮುದ್ರಮಟ್ಟಕ್ಕಿಂತ ಎಷ್ಟು ಎತ್ತರ ಎಂಬುದನ್ನೆಲ್ಲ ಸೇರಿಸಿ ಲೆಕ್ಕ ಹಾಕುತ್ತಾರೆ. ಸುಮಾರು ಮೂರು ಸಾವಿರ ಅಡಿ ಎತ್ತರದ ಬೆಂಗಳೂರಿನ ತೆಳುಗಾಳಿಯಲ್ಲಿ ಚೆಂಡು ಕಡಲತೀರಕ್ಕಿಂತ ತುಸು ದೂರ ಹಾರುವುದರಿಂದ, ಇಲ್ಲಿನ ಏಳು ಸಾವಿರ ಗಜ ಅಲ್ಲಿನ ಏಳು ಸಾವಿರ ಗಜವಲ್ಲ. ಇದಾದ ಮೇಲೆ ಮರ, ನೀರು, ಮರಳುಗುಂಡಿ, ಕುಳಿಯ ಸುತ್ತಲಿನ ಹಸಿರುಹಾಸಿನ ಓರೆಕೋರೆಗಳಿಗೆ ಬೇರೆ ಅಂಕಗಳು.

ಇನ್ನೊಂದು ಸಂಗತಿ ನನ್ನ ಕಣ್ಣು ತೆರೆಸಿತು. ಈ ಪದ್ಧತಿಯಲ್ಲಿ ಒಂದೇ ಮೈದಾನವನ್ನು ಇಬ್ಬರಿಗಾಗಿ ಬೇರೆಬೇರೆಯಾಗಿ ಅಳೆಯುತ್ತಾರೆ. ಪುರುಷರಲ್ಲಿ ಪ್ರವೀಣನಾದವನು ಮೊದಲ ಹೊಡೆತಕ್ಕೆ 250 ಗಜ, ಎರಡು ಹೊಡೆತಗಳಲ್ಲಿ 470 ಗಜ ಮುಟ್ಟುವನೆಂದು ಎಣಿಕೆ. ಸಾಧಾರಣ ಆಟಗಾರ ಮೊದಲಿಗೆ 200 ಗಜ, ಎರಡಕ್ಕೆ 370 ಗಜ. ಈಗ 430 ಗಜದ ಒಂದು ಕುಳಿಯನ್ನು ತೆಗೆದುಕೊಳ್ಳಿ. ಒಬ್ಬನಿಗೆ ಅದು ಎರಡು ಹೊಡೆತದ ದಾರಿ. ಇನ್ನೊಬ್ಬನಿಗೆ ಎಷ್ಟೇ ಚೆನ್ನಾಗಿ ಹೊಡೆದರೂ ಮೂರು. ಬಲಶಾಲಿಗೆ ಉದ್ದವು ಕೆಲಸವನ್ನು ಹೆಚ್ಚಿಸುತ್ತದೆ, ಅಷ್ಟೆ. ದುರ್ಬಲನಿಗಾದರೋ ಅದು ಆಸೆಯನ್ನೇ ಕಸಿದುಕೊಳ್ಳುತ್ತದೆ. ಆಸೆ ಹೋದ ಮೇಲೆ ಅದನ್ನು ಕಠಿನವೆನ್ನಲೂ ಬಾರದು. ಕಠಿನವೆನ್ನಬೇಕಾದರೆ ಗೆಲ್ಲುವ ದಾರಿಯೊಂದು ಇರಬೇಕಷ್ಟೆ.

ಹಾಗಾದರೆ ಪ್ರವೀಣರನ್ನು ಹಣಿಯಲು ಉದ್ದವೊಂದೇ ಸಾಕೆ? ಅದೂ ಇಲ್ಲ. ಅಮೆರಿಕದ ರಾಷ್ಟ್ರೀಯ ಪಂದ್ಯ 2013ರಲ್ಲಿ ಮೆರಿಯನ್ ಎಂಬ ಹಳೆಯ ಮೈದಾನದಲ್ಲಿ ನಡೆಯಿತು. ಉದ್ದ 6,996 ಗಜ. ಈ ಕಾಲದ ದೊಡ್ಡ ಪಂದ್ಯಗಳಿಗೆ ಅದು ಗಿಡ್ಡವೇ. ಪ್ರವೀಣನೊಬ್ಬನಿಗೆ ಇಷ್ಟು ಹೊಡೆತ ಸಾಕೆಂದು ಗೊತ್ತುಮಾಡಿದ ಎಣಿಕೆಗೆ 'ಪಾರ್' ಎನ್ನುತ್ತಾರೆ. ನಾಲ್ಕು ದಿನಗಳಿಗೆ ಅಲ್ಲಿ 280. ಗೆದ್ದ ಜಸ್ಟಿನ್ ರೋಸ್‌ಗೇ 281 ಬೇಕಾದವು. ನಾಲ್ಕು ವರ್ಷಗಳ ಬಳಿಕ, 2017ರಲ್ಲಿ, ಅದೇ ಪಂದ್ಯ ಎರಿನ್ ಹಿಲ್ಸ್‌ನಲ್ಲಿ ನಡೆಯಿತು. ಉದ್ದ 7,741 ಗಜ. ಆದರೆ ದಾರಿಗಳು ವಿಶಾಲ, ನಿರೀಕ್ಷಿಸಿದಷ್ಟು ಗಾಳಿಯೂ ಬೀಸಲಿಲ್ಲ. ಬ್ರೂಕ್ಸ್ ಕೆಪ್ಕಾ ಪಾರ್‌ಗಿಂತ 16 ಹೊಡೆತ ಕಡಿಮೆಯಲ್ಲಿ ಗೆದ್ದನು. ಏಳುನೂರಕ್ಕೂ ಹೆಚ್ಚು ಗಜ ಉದ್ದವಾದ ದಾರಿ ಹೀಗೆ ಸುಲಭವಾಯಿತು.

ನಮ್ಮ ಬೆಂಗಳೂರನ್ನೇ ನೋಡಿ. 1876ರಲ್ಲಿ ಸ್ಥಾಪಿತವಾದ ಬೆಂಗಳೂರು ಗಾಲ್ಫ್ ಕ್ಲಬ್ಬಿನ ಮೈದಾನ ಹೈಗ್ರೌಂಡ್ಸ್‌ನಲ್ಲಿದೆ. ಸುತ್ತಲೂ ನಗರ ಬೆಳೆದುನಿಂತ ಮೇಲೆ ಅದು ಕೈಕಾಲು ಚಾಚುವುದೆಲ್ಲಿ? ಅಲ್ಲಿ ಮರಗಳ ನಡುವೆ ಚೆಂಡನ್ನು ನೇರವಾಗಿ ಕಳುಹಿಸುವ ಹತೋಟಿಯೇ ಮುಖ್ಯ. ತೋಳಿನ ಕಸುವನ್ನು ನಂಬಿದವನಿಗೆ ಪ್ರತಿಯೊಂದು ಮರವೂ ಬುದ್ಧಿ ಹೇಳುತ್ತದೆ.

ಇಷ್ಟನ್ನೂ ಗುರುತು ಹಾಕಿಕೊಂಡು, ರಾತ್ರಿ ಊಟವಾದ ಮೇಲೆ ತಮ್ಮನ ಮುಂದಿಟ್ಟೆ. ಇಂಜಿನಿಯರನಲ್ಲವೆ, ಅಂಕಿಗಳನ್ನೆಲ್ಲ ಒಪ್ಪಿಕೊಂಡನು. ಮನಸ್ಸು ಮಾತ್ರ ಒಪ್ಪಲಿಲ್ಲ. "ನೀನೇನೇ ಹೇಳು ಅಣ್ಣಾ, ಮುಂದೆ ನಿಂತು ಹೊಡೆಯುವುದು ಮೋಸವೇ" ಎಂದನು.

ಆ ಮಾತನ್ನು ಎರಡನೆಯ ಸಲ ಕೇಳಿದಾಗ, ಅದೇ ಮಾತನ್ನು ಹಿಂದೊಮ್ಮೆ ಆಡಿದವನು ನಾನೇ ಎಂಬುದು ನೆನಪಾಯಿತು.

ನಮ್ಮ ಅವ್ವ ಪ್ರತಿವರ್ಷವೂ ಮಾಘದಲ್ಲಿ ಕೊಟ್ಟೂರೇಶ್ವರನ ತೇರಿಗೆ ಕಾಲ್ನಡಿಗೆಯಲ್ಲಿ ಹೋಗುತ್ತಿದ್ದಳು. ಕೂಡ್ಲಿಗಿ ಕಡೆಯವರು, "ನಮ್ಮ ದಾರಿ ನಿಮ್ಮದಕ್ಕಿಂತ ಹತ್ತಿರ, ಆದರೆ ಕಲ್ಲುಮುಳ್ಳು ತುಳಿದು ಬಂದಿದ್ದೇವೆ" ಎಂದರೆ ಅವಳು ಅವರ ಕಾಲಿಗೆ ನೀರು ಕೊಡುತ್ತಿದ್ದಳು. ನಮ್ಮ ಅಕ್ಕನ ಊರು ಹಡಗಲಿ ಸೀಮೆಯ ಎರೆಭೂಮಿಯಲ್ಲಿತ್ತು. ಮಳೆ ಬಿದ್ದ ದಿನ ಚಪ್ಪಲಿಯನ್ನು ಕೈಯಲ್ಲಿ ಹಿಡಿದು, ಕಾಲಿಗೊಂದು ಮಣ್ಣಿನ ಮುದ್ದೆ ಹೊತ್ತು, ಎರಡು ಮೈಲಿಗೆ ಅರ್ಧ ದಿನ ತೆಗೆದುಕೊಂಡವರು ನಾವು. ಮೈಲಿಗಲ್ಲು ಹೇಳುವುದು ದೂರವನ್ನು ಮಾತ್ರವೆಂಬುದು ನಮಗೆ ಕಾಲಿನಿಂದಲೇ ತಿಳಿದಿತ್ತು. ಆದರೂ 1963ರಲ್ಲಿ ನಾನು ಅದನ್ನು ಮರೆತೆ.

ಆ ವರ್ಷ ಅವ್ವನಿಗೆ ಕಾಯಿಲೆ. ಚಕ್ಕಡಿಯಲ್ಲಿ ಹೋಗಿ, ಕೊಟ್ಟೂರು ಒಂದು ಮೈಲಿ ಇರುವಾಗ ಇಳಿದು ನಡೆಯತೊಡಗಿದಳು. ಆ ಒಂದು ಮೈಲಿಯಲ್ಲಿ ಎಷ್ಟು ಸಲ ಕುಳಿತಳೋ ನಾನು ಎಣಿಸಲಿಲ್ಲ. ಹನ್ನೆರಡು ವರ್ಷದ ಜಾಣ ನಾನು, ಸುತ್ತಲಿನವರು ಕೇಳುವಂತೆಯೇ, "ಅವ್ವಾ, ಹರಕೆ ಇದ್ದದ್ದು ಪೂರ್ತಿ ದಾರಿಗಲ್ಲವೆ? ಇದು ಮೋಸವಲ್ಲವೆ?" ಎಂದುಬಿಟ್ಟೆ. ಅವಳು ನೊಂದುಕೊಂಡಳು. ಅವಳು ತೇರಿಗೆ ನಡೆದದ್ದು ಅದೇ ಕೊನೆ.

ಇದನ್ನು ಅರುವತ್ತು ವರ್ಷ ಯಾರಿಗೂ ಹೇಳಿರಲಿಲ್ಲ. ಆ ರಾತ್ರಿ ತಮ್ಮನಿಗೆ ಹೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದು, "ಅವತ್ತು ಅವ್ವನ ಕೈ ಹಿಡಿದಿದ್ದವನು ನಾನಲ್ಲವೆ? ನೀನು ಸಿಟ್ಟು ಮಾಡಿಕೊಂಡು ಮುಂದೆ ಹೋಗಿಬಿಟ್ಟೆ. ಆಮೇಲೆ ಅವಳು ಏನೆಂದಳು ಗೊತ್ತೆ? 'ದೇವ್ರು ಮೈಲಿಗಲ್ಲು ಎಣಿಸ್ತಾನೇನಲೇ? ನನಗೆ ಆಗುವಷ್ಟು ನಡೆದೀನಿ' ಅಂದಳು" ಎಂದನು.

ಹೇಳಿ ಮುಗಿಸಿದ ಮೇಲೆ ತಾನಾಡಿದ ಮಾತು ತನಗೇ ಕೇಳಿಸಿತೆಂದು ತೋರುತ್ತದೆ. ಎದ್ದು ಒಳಗೆ ಹೋದನು. ನಾನೂ ಮಲಗಿದೆ, ನಿದ್ದೆ ಬರಲಿಲ್ಲ.

ಬೆಳಗ್ಗೆ ಅವನೇ ನನ್ನನ್ನು ಎಬ್ಬಿಸಿದನು. ಮೈದಾನದಲ್ಲಿ ಯಾರಾದರೂ ನೋಡುತ್ತಿರುವರೋ ಎಂದು ಅತ್ತಿತ್ತ ನೋಡಿ, ಮುಂದಿನ ಗುರುತಿಗೆ ಹೋಗಿ ನಿಂತನು. ಮೊದಲ ಕುಳಿಗೆ ಅಲ್ಲಿಂದ ಮುನ್ನೂರು ಗಜ ಇದ್ದಿರಬೇಕು. ಎರಡನೆಯ ಹೊಡೆತಕ್ಕೆ ಚೆಂಡು ಹಸಿರುಹಾಸಿನ ಮೇಲೆ ಕುಳಿತಾಗ ಅವನ ಮುಖದಲ್ಲಿ ತಿಂಗಳುಗಳಿಂದ ಇಲ್ಲದ ಬೆಳಕು ಬಂತು. ಅಲ್ಲಿಂದ ಕುಳಿಗೆ ಐದು ಗಜ. ಹಿಂದೆ ಯಾರೂ ಬರುತ್ತಿಲ್ಲವೆಂದು ಖಚಿತಮಾಡಿಕೊಂಡು, "ನೀನೊಮ್ಮೆ ನೋಡು" ಎಂದು ಕೋಲನ್ನು ನನ್ನ ಕೈಗಿತ್ತನು. ಗೋಲಿಯಾಟದ ಹಳೆಯ ಶೂರ ನಾನು. ಐದು ಗಜಕ್ಕೆ ನಾಲ್ಕು ಹೊಡೆತ ತೆಗೆದುಕೊಂಡೆ! ಆಗ ಈ ಆಟದ ನಿಜವಾದ ಲೆಕ್ಕ ಹೊಳೆಯಿತು. 250 ಗಜದ ಹೊಡೆತವೂ ಒಂದು, ಒಂದು ಗೇಣಿನ ಹೊಡೆತವೂ ಒಂದು. ಪಾರ್ 72 ಎಂದರೆ ಅದರಲ್ಲಿ ಹಸಿರುಹಾಸಿನ ಮೇಲೆ ಕುಳಿಗೆರಡರಂತೆ 36 ಹೊಡೆತಗಳು ಸೇರಿವೆ. ಆಟದ ಅರ್ಧ ಭಾಗಕ್ಕೆ ದೂರದ ಸೋಂಕೇ ಇಲ್ಲ.

ಮುಂದೆ ಒಂದು ಗಿಡ್ಡ ಕುಳಿ ಬಂತು. ನೂರಿಪ್ಪತ್ತು ಗಜ, ಎದುರಿಗೆ ಮರಳುಗುಂಡಿ. ತಮ್ಮ ಅಲ್ಲಿ ನಿಂತು ಕಥೆ ಹೇಳತೊಡಗಿದನು. ಸ್ಕಾಟ್ಲೆಂಡಿನ ರಾಯಲ್ ಟ್ರೂನ್ ಮೈದಾನದ ಎಂಟನೆಯ ಕುಳಿ 123 ಗಜ ಮಾತ್ರ. ಹಸಿರುಹಾಸು ಅಂಚೆಚೀಟಿಯಷ್ಟೇ ಚಿಕ್ಕದೆಂದು ಅದಕ್ಕೆ ಅದೇ ಹೆಸರು. 1950ರ ಬ್ರಿಟಿಷ್ ಓಪನ್ ಪಂದ್ಯದಲ್ಲಿ ಹರ್ಮನ್ ಟಿಸ್ಸೀಸ್ ಎಂಬ ಜರ್ಮನ್ ಆಟಗಾರನಿಗೆ ಅಲ್ಲಿ 15 ಹೊಡೆತ ಹಿಡಿದವು. 1973ರಲ್ಲಿ ಅದೇ ಕುಳಿಗೆ ಜೀನ್ ಸಾರಜೆನ್ ಒಂದೇ ಹೊಡೆತದಲ್ಲಿ ಚೆಂಡು ಬೀಳಿಸಿದನು. "ಆಗ ಅವನ ವಯಸ್ಸೆಷ್ಟು ಗೊತ್ತೆ ಅಣ್ಣಾ? ಎಪ್ಪತ್ತೊಂದು!" ಎಂದು ಉತ್ಸಾಹದಿಂದ ಕೋಲು ಬೀಸಿದನು. ಚೆಂಡು ಮರಳುಗುಂಡಿಯ ನಡುವೆ ಬಿತ್ತು. ಹೊರಗೆ ಬರಲು ಮೂರು ಹೊಡೆತ, ಒಟ್ಟು ಆರು. ಮರಳು ಕೊಡವಿಕೊಳ್ಳುತ್ತ ಅವನು ಗಟ್ಟಿಯಾಗಿ ನಕ್ಕನು.

"ಇದು ಮಕ್ಕಳಾಟವಂತೆ!"

ನಾನು ಕೊಟ್ಟೂರಿಗೆ ಮರಳಿ ಬಂದೆ. ನಮ್ಮ ಹರಪನಹಳ್ಳಿ ಇದ್ದಲ್ಲಿಯೇ ಇದ್ದು 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಹೋಯಿತು, ಬಳಿಕ ಮತ್ತೆ ಬಳ್ಳಾರಿಗೆ ಬಂದು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಜಿಲ್ಲಾ ಕಚೇರಿಗಿರುವ ದೂರ ಇಷ್ಟು ಸಲ ಬದಲಾದರೂ ಅಲ್ಲಿಂದ ಕೊಟ್ಟೂರಿನ ತೇರಿಗೆ ನಡೆಯುವ ದಾರಿ ಬದಲಾಗಿಲ್ಲ. ಈ ಮಾಘದಲ್ಲಿ ನಾನೂ ಒಂದು ಮೈಲಿ ಹೊರಗೆ ಹೋಗಿ, ಅವ್ವ ಇಳಿದ ಜಾಗದಿಂದ ನಡೆದು ಬಂದೆ. ಎರಡು ಸಲ ಕುಳಿತೆ.

ಮೊನ್ನೆ ತಮ್ಮನ ಹೆಂಡತಿ ದೂರವಾಣಿಯಲ್ಲಿ ದೂರಿದಳು: "ಭಾವನವರೇ, ನೀವು ಬಂದು ಹೋದದ್ದೇ ಬಂತು. ದಿನವೂ ಇಬ್ಬನಿಯಲ್ಲಿ ತೊಯ್ದ ಬೂಟಿನಲ್ಲೇ ಪಡಸಾಲೆಯವರೆಗೂ ಬರುತ್ತಾರೆ. ಒರೆಸಿ ಒರೆಸಿ ಸಾಕಾಯಿತು."

ದೂರನ್ನು ಪೂರ್ತಿಯಾಗಿ ಕೇಳಿಸಿಕೊಂಡೆ. ಅಷ್ಟು ಹಿತವಾದ ಸುದ್ದಿ ಆ ವಾರ ಬೇರೊಂದು ಬಂದಿರಲಿಲ್ಲ.