ಆಡಿದವರಿಲ್ಲದ ಮಾತು

ಇಂದಿನ ದಿನಮಾನಗಳಲ್ಲಿ ಜನಸಾಮಾನ್ಯರ ರಾಜಕೀಯ ಅಭಿಪ್ರಾಯವು ಎಲ್ಲಿ ಹುಟ್ಟುತ್ತದೆ ಎಂದು ಕೇಳಿದರೆ ಪಂಡಿತರು ಪತ್ರಿಕೆಗಳತ್ತ ಕೈದೋರುವರು. ಪಕ್ಷಗಳವರು ತಮ್ಮ ತಮ್ಮ ವೇದಿಕೆಗಳತ್ತ ಕೈದೋರುವರು. ನಮಗಾದರೋ ಬೆಂಗಳೂರು ಶಿವಾಜಿನಗರದ ರಸೆಲ್ ಮಾರುಕಟ್ಟೆಗೆ ಹೋಗಿ ಸ್ವಲ್ಪ ಹೊತ್ತು ನಿಲ್ಲುವುದು ಲೇಸೆನಿಸುತ್ತದೆ. ಮೀನು ಮಾಂಸ ಮಾರುವ ಆ ಪೇಟೆಯಲ್ಲಿ ಸ್ವಾಮಿಗಳಿಗೇನು ಕೆಲಸವೆಂದು ಹುಬ್ಬೇರಿಸುವ ಭಕ್ತರೂ ಉಂಟು. ಅಲ್ಲಿ ಹಣ್ಣು, ಹೂವು, ಕಾಯಿಪಲ್ಯಗಳೂ ದೊರೆಯುತ್ತವೆ. ಅದಕ್ಕಿಂತ ಹೆಚ್ಚಾಗಿ, ಅಲ್ಲಿ ಮಾತು ದೊರೆಯುತ್ತದೆ.

1927ರಲ್ಲಿ ಕಟ್ಟಲ್ಪಟ್ಟು, 1933ರಲ್ಲಿ ಹಾಜಿ ಸರ್ ಇಸ್ಮಾಯಿಲ್ ಸೇಠರಿಂದ ಉದ್ಘಾಟನೆಗೊಂಡ ಈ ಕಟ್ಟಡವು ಅಂದಿನ ದಂಡುಪ್ರದೇಶದ ಮುನಿಸಿಪಲ್ ಕಮಿಷನರ್ ರಸೆಲ್ಲರ ಹೆಸರನ್ನು ಹೊತ್ತುಕೊಂಡಿದೆ. ಹೆಸರಿನ ಧಣಿ ಯಾರೆಂಬುದು ಅಲ್ಲಿ ಕುಳಿತು ವ್ಯಾಪಾರ ಮಾಡುವ ಅನೇಕರಿಗೆ ತಿಳಿಯದು. ತಿಳಿಯಬೇಕಾದ ಅಗತ್ಯವೂ ಇಲ್ಲ. 2012ರ ಫೆಬ್ರವರಿ 25ರ ನಸುಕಿನಲ್ಲಿ ಬೆಂಕಿ ಬಿದ್ದು ನೂರಕ್ಕೂ ಮಿಕ್ಕ ಮಳಿಗೆಗಳು ಸುಟ್ಟುಹೋದವು. ವ್ಯಾಪಾರಿಗಳು ಬೂದಿ ಗುಡಿಸಿ ಮತ್ತೆ ಕುಳಿತರು. ದಖನಿ ಉರ್ದು, ತಮಿಳು, ಕನ್ನಡ ಮೂರನ್ನೂ ಒಂದೇ ವಾಕ್ಯದಲ್ಲಿ ಬೆರೆಸಿ ಚೌಕಾಶಿ ನಡೆಸುವ ಈ ಜನರ ನಡುವೆ, ಸಮೀಪದ ಸೇಂಟ್ ಮೇರೀಸ್ ಬಸಿಲಿಕಾದ ಗಂಟೆಯೂ ಮಸೀದಿಯ ಕರೆಯೂ ಹೂವಿನವಳ ಕೂಗೂ ಒಟ್ಟಿಗೇ ಕಿವಿಗೆ ಬೀಳುತ್ತವೆ.

2025ರ ಜುಲೈ ತಿಂಗಳಿನಲ್ಲಿ ರಾಜ್ಯದ ಸಣ್ಣ ವ್ಯಾಪಾರಿಗಳ ಪಾಡು ಏನಾಗಿತ್ತೆಂಬುದನ್ನು ವಾಚಕರು ಮರೆತಿರಲಾರರು. 2016ರಲ್ಲಿ ಆರಂಭವಾದ ಯುಪಿಐ ಎಂಬ ಪಾವತಿ ವ್ಯವಸ್ಥೆಯನ್ನು ಸೊಪ್ಪು ಮಾರುವ ಮುದುಕಿಯವರೆಗೆ ಎಲ್ಲರೂ ಅಪ್ಪಿಕೊಂಡಿದ್ದರು. ಚಿಲ್ಲರೆಯ ಕಾಟವಿಲ್ಲ, ಕಳ್ಳನೋಟಿನ ಭಯವಿಲ್ಲ, ಹಣ ಬಂದಿತೆಂದು ಪೆಟ್ಟಿಗೆಯೇ ಕೂಗಿ ಹೇಳುತ್ತದೆ. ಆ ಲೆಕ್ಕವನ್ನೇ ಆಧಾರವಾಗಿಟ್ಟುಕೊಂಡು ವಾಣಿಜ್ಯ ತೆರಿಗೆ ಇಲಾಖೆಯು ನೋಟೀಸುಗಳನ್ನು ಕಳುಹಿಸಿತು. ಸರಕು ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಮಾಡಿಸಬೇಕೆಂಬುದು ನಿಯಮ. ಆದರೆ ತಾಜಾ ತರಕಾರಿ, ಹಣ್ಣು, ಹಾಲುಗಳ ಮೇಲೆ ತೆರಿಗೆಯೇ ಇಲ್ಲ. ಹಾಗಿದ್ದೂ ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ನಾಲ್ಕು ವರ್ಷಗಳ 1.63 ಕೋಟಿ ರೂಪಾಯಿ ವಹಿವಾಟಿನ ಮೇಲೆ 29 ಲಕ್ಷ ಕಟ್ಟಬೇಕೆಂಬ ನೋಟೀಸು ಬಂದಿತು. ಬೆಂಗಳೂರಿನ ಅಂಗಡಿಗಳಲ್ಲಿ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಹಲಗೆಗಳು ತೂಗಾಡಿದವು. ರಾಜ್ಯದವರು ಜಿಎಸ್‌ಟಿ ಕೇಂದ್ರದ್ದೆಂದರು. ಕೇಂದ್ರದವರು ನೋಟೀಸು ರಾಜ್ಯದ್ದೆಂದರು. ಇಬ್ಬರ ಮಾತೂ ಅರ್ಧರ್ಧ ದಿಟವೇ ಆಗಿತ್ತು, ಆದುದರಿಂದಲೇ ಇಬ್ಬರ ಅನುಯಾಯಿಗಳಿಗೂ ಫೋನಿನಲ್ಲಿ ಕಾದಾಡಲು ಬೇಕಾದಷ್ಟು ಸಾಮಗ್ರಿ ಸಿಕ್ಕಿತು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ವ್ಯಾಪಾರಿಗಳ ಸಭೆ ನಡೆಸಿ, ತೆರಿಗೆಯಿಲ್ಲದ ಪದಾರ್ಥ ಮಾರುವವರಿಂದ ಬಾಕಿ ವಸೂಲು ಮಾಡುವುದಿಲ್ಲವೆಂದ ಮೇಲೆ ಮುಷ್ಕರದ ಕರೆ ಹಿಂದೆ ಸರಿಯಿತು.

ಆ ದಿನಗಳಲ್ಲೇ ನಾವು ಆ ಪೇಟೆಗೆ ಹೋಗಿದ್ದೆವು. ಪರಿಚಯದ ಹಣ್ಣಿನ ವ್ಯಾಪಾರಿಯೊಬ್ಬರು, “ಸ್ವಾಮೀಜಿ, ನೀವು ಓದಿದವರು, ಹೇಳಿ. ಫೋನಿನಲ್ಲಿ ದುಡ್ಡು ತಗೊಂಡವರ ಬ್ಯಾಂಕಿನ ಖಾತೆ ಎಲ್ಲಾ ಮುಟ್ಟುಗೋಲು ಹಾಕ್ತಾರಂತೆ, ನಿಜವಾ?” ಎಂದರು. ಯಾರು ಹೇಳಿದರೆಂದು ಕೇಳಿದೆವು. ಫೋನಿನಲ್ಲಿ ಬಂದಿದೆ ಎಂದರು. ಫೋನಿಗೆ ಯಾರು ಕಳುಹಿಸಿದರು? ಕೋಲಾರದಲ್ಲಿರುವ ತಂಗಿಯ ಮಗ. ಅವನಿಗೆ ಯಾರು? ಅಲ್ಲೇ ನಿಂತು ಅವನಿಗೆ ಕರೆ ಮಾಡಿದರು. ಯಾವುದೋ ಗುಂಪಿನಲ್ಲಿ ಬಂತು ಮಾಮು, ಯಾರು ಹಾಕಿದರೋ ಗೊತ್ತಿಲ್ಲ ಎಂದನಂತೆ. ಎರಡನೆಯ ಮೆಟ್ಟಿಲಿಗೇ ಏಣಿ ಮುಗಿದುಹೋಯಿತು. ಆ ಮನುಷ್ಯರು ಎರಡು ರಾತ್ರಿ ನಿದ್ದೆಗೆಟ್ಟಿದ್ದರು.

ಬಾಲ್ಯದಲ್ಲಿ ಮಠದ ಪಾಠಶಾಲೆಯಲ್ಲಿ ಅನ್ನಂಭಟ್ಟನ ತರ್ಕಸಂಗ್ರಹವನ್ನು ಬಾಯಿಪಾಠ ಮಾಡಿದವರಿಗೆಲ್ಲ ಒಂದು ವಿಷಯ ನೆನಪಿರುತ್ತದೆ. ಕಣ್ಣಾರೆ ಕಂಡದ್ದು, ಊಹಿಸಿ ತಿಳಿದದ್ದು ಇವುಗಳಂತೆ ಕೇಳಿ ತಿಳಿದದ್ದೂ ನೈಯಾಯಿಕರಿಗೆ ಪ್ರಮಾಣವೇ. ಆದರೆ ಒಂದು ಕರಾರು ಉಂಟು, ಹೇಳಿದವನು ಆಪ್ತನಾಗಿರಬೇಕು. ಆಪ್ತನೆಂದರೆ ನಂಟನೆಂದು ಅರ್ಥವಲ್ಲ, ಇದ್ದುದನ್ನು ಇದ್ದಂತೆ ಹೇಳುವವನು ಎಂದರ್ಥ. ಇಂದು ನಾವು ಮಾಡುತ್ತಿರುವುದೇನೆಂದರೆ, ಈ ಎರಡು ಅರ್ಥಗಳನ್ನು ಅದಲುಬದಲು ಮಾಡಿಕೊಂಡಿದ್ದೇವೆ. ತಂಗಿಯ ಮಗ ಕಳುಹಿಸಿದನೆಂದು ನಂಬುತ್ತೇವೆ. ಅವನು ಹೇಳಿದವನಲ್ಲ, ಸಾಗಿಸಿದವನು ಎಂಬುದನ್ನು ಗಮನಿಸುವುದಿಲ್ಲ. ಪೇಟೆಯಲ್ಲಿ ಕೊಳೆತ ಮಾವನ್ನು ಒಳ್ಳೆಯದೆಂದು ಮಾರಿದವನು ನಾಳೆ ಬೆಳಿಗ್ಗೆ ಅದೇ ಕಟ್ಟೆಯ ಮೇಲೆ ಕುಳಿತಿರುತ್ತಾನೆ, ಕೊಂಡವರು ಬಂದು ಅವನ ಮುಖದ ಮುಂದೆಯೇ ಜಗಳ ತೆಗೆಯಬಹುದು. ಗುಂಪಿನಲ್ಲಿ ಬಂದ ಸುದ್ದಿಗೆ ಕಟ್ಟೆಯಿಲ್ಲ.

ಇದು ತರ್ಕಶಾಸ್ತ್ರದ ವಿನೋದವೆಂದು ತಿಳಿಯಬಾರದು. 2012ರ ಆಗಸ್ಟಿನಲ್ಲಿ, ರಂಜಾನ್ ಮುಗಿಯುತ್ತಲೇ ಈಶಾನ್ಯ ರಾಜ್ಯಗಳವರ ಮೇಲೆ ಹಲ್ಲೆಯಾಗುವುದೆಂಬ ಎಸ್‌ಎಂಎಸ್‌ಗಳು ಹರಿದಾಡಿದಾಗ, ಎರಡು ಮೂರು ದಿನಗಳೊಳಗೆ ಸಾವಿರಾರು ಜನರು ಬೆಂಗಳೂರನ್ನು ಬಿಟ್ಟು ಗುವಾಹಟಿಯ ರೈಲು ಹತ್ತಿದರು. ವಿಶೇಷ ರೈಲುಗಳನ್ನೇ ಬಿಡಬೇಕಾಯಿತು. ಕೇಂದ್ರ ಸರ್ಕಾರವು ಹದಿನೈದು ದಿನಗಳ ಕಾಲ ಒಬ್ಬರು ಒಂದು ಬಾರಿಗೆ ಐದಕ್ಕಿಂತ ಹೆಚ್ಚು ಮಂದಿಗೆ ಸಂದೇಶ ಕಳುಹಿಸದಂತೆ ಕಟ್ಟು ಹಾಕಿತು. 2018ರ ಮೇ ತಿಂಗಳಿನಲ್ಲಿ ಚಾಮರಾಜಪೇಟೆಯಲ್ಲಿ ರಾಜಸ್ಥಾನದ ಯುವಕನೊಬ್ಬನನ್ನು ಮಕ್ಕಳ ಕಳ್ಳನೆಂದು ಬಡಿದು ಕೊಂದರು. ಆ ಜುಲೈನಲ್ಲಿ ನಮ್ಮ ಶರಣರು ನಡೆದಾಡಿದ ಬೀದರ ಜಿಲ್ಲೆಯಲ್ಲೇ, ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಗೆಳೆಯರ ಗುಂಪಿನಲ್ಲಿದ್ದ ಹೈದರಾಬಾದಿನ ಯುವ ಎಂಜಿನಿಯರೊಬ್ಬ ಅದೇ ಸಂಶಯಕ್ಕೆ ಬಲಿಯಾದ. ಆ ಬಳಿಕ ವಾಟ್ಸ್‌ಆ್ಯಪ್ ಸಂಸ್ಥೆಯು ಭಾರತದಲ್ಲಿ ಒಂದು ಸಂದೇಶವನ್ನು ಐದು ಕಡೆಗೆ ಮಾತ್ರ ಸಾಗಿಸಬಹುದೆಂದು ಮಿತಿಗೊಳಿಸಿತು. ಸಾಗಿಸಿದ್ದರ ಮೇಲೆ ಸಾಗಿಸಿದ್ದೆಂದು ಗುರುತು ಹಾಕುವುದನ್ನೂ ಆ ಜುಲೈನಲ್ಲೇ ಆರಂಭಿಸಿತ್ತು. ಹೇಳಿದವನು ಇಲ್ಲಿಲ್ಲ ಎಂದು ಯಂತ್ರವೇ ಬರೆದು ತೋರಿಸಿದರೂ ನಮ್ಮ ಕಣ್ಣು ಅತ್ತ ಹೋಗುವುದಿಲ್ಲ.

ಇದಕ್ಕೆಲ್ಲ ಜೈಲೇ ಮದ್ದೆನ್ನುವವರ ಅಭಿಪ್ರಾಯ ನಮ್ಮದಲ್ಲ. 2025ರ ಜೂನ್‌ನಲ್ಲಿ ಬೆಳಕಿಗೆ ಬಂದ ನಮ್ಮ ರಾಜ್ಯದ ಕರಡು ಮಸೂದೆಯೊಂದು ಸುಳ್ಳು ಸುದ್ದಿಗೆ ಏಳು ವರ್ಷಗಳವರೆಗಿನ ಸೆರೆವಾಸವನ್ನು ಸೂಚಿಸಿತ್ತು. ಸುಳ್ಳು ಯಾವುದೆಂದು ಅಧಿಕಾರದಲ್ಲಿರುವವರು ನಿರ್ಣಯಿಸತೊಡಗಿದರೆ, ಇಂದು ಕೈತಟ್ಟುವವರೇ ನಾಳೆ ಅಧಿಕಾರ ಬದಲಾದಾಗ ಬಾಯಿ ಬಡಿದುಕೊಳ್ಳುವರು. ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಎ ಪರಿಚ್ಛೇದವನ್ನು 2015ರಲ್ಲಿ ಸರ್ವೋಚ್ಚ ನ್ಯಾಯಾಲಯವು ರದ್ದುಗೊಳಿಸಿದ್ದು ಸುಮ್ಮನೆ ಅಲ್ಲ. ಅಲ್ಲದೆ, ಜುಲೈ ತಿಂಗಳ ಸಂಕಟದಲ್ಲಿ ಯಾವ ಸಂಘದ ಕಚೇರಿಯನ್ನೂ ಕಾಣದ ಬೀದಿ ವ್ಯಾಪಾರಿಗಳು ತಮ್ಮ ಅಹವಾಲನ್ನು ಸರ್ಕಾರದ ಕಿವಿಗೆ ಮುಟ್ಟಿಸಿದ್ದು ಅದೇ ಫೋನಿನಿಂದ. ಅದನ್ನು ಕಿತ್ತುಕೊಳ್ಳಿರೆನ್ನುವ ಹಿರಿಯರು, ತಾವು ಹತ್ತು ನಿಮಿಷದಲ್ಲಿ ಮನೆಬಾಗಿಲಿಗೆ ಬರುವ ಕೊತ್ತಂಬರಿಗಾಗಿ ಅದೇ ಫೋನನ್ನು ಒತ್ತುತ್ತಿರುತ್ತಾರೆಂಬುದನ್ನೂ ಬಲ್ಲೆವು.

ರಸೆಲ್ ಮಾರುಕಟ್ಟೆಗೆ ದೂರವಲ್ಲದ ಡಿ.ಜೆ. ಹಳ್ಳಿ, ಕೆ.ಜಿ. ಹಳ್ಳಿಗಳಲ್ಲಿ 2020ರ ಆಗಸ್ಟ್ 11ರ ರಾತ್ರಿ ಏನಾಯಿತೆಂಬುದು ಲೋಕಕ್ಕೆ ತಿಳಿದಿದೆ. ಫೇಸ್‌ಬುಕ್ಕಿನ ಒಂದು ಬರಹದಿಂದ ಕೆರಳಿದ ಗುಂಪು ಶಾಸಕರ ಮನೆಗೂ ಪೊಲೀಸ್ ಠಾಣೆಗೂ ನುಗ್ಗಿತು, ವಾಹನಗಳು ಉರಿದವು, ಪೊಲೀಸರ ಗುಂಡಿಗೆ ಮೂವರು ಸತ್ತರು. ಅದೇ ರಾತ್ರಿ ಡಿ.ಜೆ. ಹಳ್ಳಿಯಲ್ಲಿ ಮುಸಲ್ಮಾನ ತರುಣರು ಕೈಕೈ ಹಿಡಿದು ದೇವಸ್ಥಾನವೊಂದರ ಸುತ್ತ ಸಾಲಾಗಿ ನಿಂತರು, ಯಾರೂ ಅದರ ಮೇಲೆ ಕೈಮಾಡದಿರಲೆಂದು. ಎರಡರ ಚಿತ್ರಗಳೂ ಫೋನಿನಲ್ಲೇ ತೆಗೆಯಲ್ಪಟ್ಟವು, ಫೋನಿನಲ್ಲೇ ಊರೂರು ಸುತ್ತಿದವು. ಕೆಲವು ತಿಂಗಳ ತರುವಾಯ, ಬೆಂಗಳೂರಿನಿಂದ ಬಹುದೂರದ ಹಳ್ಳಿಯೊಂದರಲ್ಲಿ ಸಂಜೆಯ ಚಿಂತನಗೋಷ್ಠಿಗೆ ಸೇರಿದ್ದ ಭಕ್ತರನ್ನು ನಾವು ಕೇಳಿದೆವು: ಉರಿಯುವ ವಾಹನಗಳನ್ನು ಎಷ್ಟು ಜನ ನೋಡಿದ್ದೀರಿ? ಹೆಚ್ಚುಕಡಿಮೆ ಎಲ್ಲರ ಕೈಯೂ ಮೇಲೆದ್ದಿತು. ದೇವಸ್ಥಾನದ ಸುತ್ತ ನಿಂತ ಹುಡುಗರನ್ನು? ಹಿಂದಿನ ಸಾಲಿನಲ್ಲಿ ಕುಳಿತಿದ್ದ ಒಬ್ಬ ಹೆಣ್ಣುಮಗಳು ಕೈಯೆತ್ತಿದಳು. ಬೇರೆ ಯಾರಿಗೂ ಕಳುಹಿಸಲಿಲ್ಲವೇ ತಾಯಿ ಎಂದೆವು. “ಕಳಿಸಿದ್ದೆ ಬುದ್ಧಿ,” ಎಂದಳು, “ನಮ್ಮ ಗುಂಪಿನಾಗ ಯಾರೂ ಅದನ್ನ ಮುಂದಕ್ಕ ಕಳಿಸಲಿಲ್ಲ.”